ಮೇಲಕ್ಕನ ಕತ್ತು

ಕಂಟೇನರ್ ಯಾರ್ಡಿನಲ್ಲಿ ಅವಳನ್ನು ಹೆಸರಿಟ್ಟು ಕರೆಯುವವರೇ ಇರಲಿಲ್ಲ. ಗೇಟಿನ ಕಾವಲುಗಾರನಿಂದ ಹಿಡಿದು ನಿನ್ನೆ ಮೊನ್ನೆ ಬಂದ ಲಾರಿ ಕ್ಲೀನರ್‌ವರೆಗೆ ಎಲ್ಲರಿಗೂ ಅವಳು ಮೇಲಕ್ಕ. ಇದರಲ್ಲಿ ಗೌರವ ಎಷ್ಟು, ತಮಾಷೆ ಎಷ್ಟು ಎಂದು ಅವಳು ತಲೆ ಕೆಡಿಸಿಕೊಂಡವಳಲ್ಲ. ಮೇಲಿರುತ್ತಿದ್ದಳು, ಹಾಗಾಗಿ ಮೇಲಕ್ಕ. ಐದು ಮಹಡಿಯಷ್ಟು ಎತ್ತರದ ಕ್ರೇನಿನ ಹೊಟ್ಟೆಗೆ ಅಂಟಿಸಿದಂಥ ಒಂದು ಗಾಜಿನ ಗೂಡು, ಅದರೊಳಗೆ ಒಂದು ಕುರ್ಚಿ, ಕುರ್ಚಿಯ ಎರಡು ಪಕ್ಕಕ್ಕೂ ಒಂದೊಂದು ಹಿಡಿ. ಗೂಡಿನ ನೆಲವೂ ಗಾಜೇ. ಕಾಲು ಅಗಲಿಸಿ ಕೂತು, ಮಂಡಿಗಳ ನಡುವಿನಿಂದ ಕೆಳಗೆ ನೋಡುತ್ತಾ, ತಂತಿಹಗ್ಗಕ್ಕೆ ಜೋತುಬಿದ್ದ ಕಬ್ಬಿಣದ ಚೌಕಟ್ಟನ್ನು ಇಳಿಸಿ ಪೆಟ್ಟಿಗೆಯ ನಾಲ್ಕು ಮೂಲೆಗೆ ಸರಿಯಾಗಿ ಕೂರಿಸಬೇಕು. ಎತ್ತಬೇಕು. ಕಾದು ನಿಂತ ಲಾರಿಯ ಬೆನ್ನ ಮೇಲೆ ಇಳಿಸಬೇಕು. ಒಂದೊಂದು ಪೆಟ್ಟಿಗೆಯೂ ಒಂದು ಸಣ್ಣ ಮನೆಯಷ್ಟು. ಬೇಕರಿಯಲ್ಲಿ ಒಲೆಯ ಮುಂದೆ ದುಡಿಯುವ ಅವಳ ಗಂಡ ಬಂದವರ ಮುಂದೆಲ್ಲ ಕೊಚ್ಚಿಕೊಳ್ಳುತ್ತಿದ್ದ: "ನನ್ ಹೆಂಡ್ತಿ ದಿನಕ್ಕೆ ಎತ್ತೋ ಭಾರಾನ ನಮ್ಮ ವಂಶದಲ್ಲಿ ಯಾರೂ ಜೀವಮಾನದಲ್ಲಿ ಎತ್ತಿಲ್ಲ. ಮನೇಲಿ ಮಾತ್ರ ನೀರಿನ ಕೊಡ ನಾನೇ ಎತ್ತಬೇಕು."

ಮೇಲಕ್ಕ ಇದ್ದ ಮೇಲೆ ಕೆಳಗಣ್ಣನೂ ಇರಲೇಬೇಕಲ್ಲ. ಇದ್ದ. ಕ್ರೇನಿನ ಕಾಲ ಬುಡದಲ್ಲಿ, ಕಬ್ಬಿಣದ ಕಟಾಂಜನದ ಒಳಗೆ, ನೆಲದ ಮೇಲೆ ಹಳದಿ ಬಣ್ಣ ಬಳಿದ ಒಂದು ಚೌಕ. ಆ ಚೌಕದಲ್ಲಿ ನಿಂತು ಮೇಲಿದ್ದವಳಿಗೆ ಕೈಸನ್ನೆ ಮಾಡುವುದು ಅವನ ಕೆಲಸ. ಇಳಿಸು, ಇನ್ನೂ ಇಳಿಸು, ನಿಧಾನ, ಸ್ವಲ್ಪ ಎಡಕ್ಕೆ, ನಿಲ್ಲಿಸು. ಇಬ್ಬರಿಗೂ ವಾಕಿಟಾಕಿ ಕೊಟ್ಟಿದ್ದರು, ಆದರೆ ಅದರಲ್ಲಿ ಬರುತ್ತಿದ್ದದ್ದು ಬರೀ ಕರಕರ. ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕೈಗಳನ್ನೇ ನಂಬಿದ್ದರು. ಯಾರ್ಡಿನಲ್ಲಿ ಒಂದು ಕಟ್ಟುಪಾಡಿದೆ: ನಿಲ್ಲಿಸು ಎಂದು ಯಾರು ಬೇಕಾದರೂ ಕೈ ತೋರಿಸಬಹುದು, ಆದರೆ ಎತ್ತು ಎಂದು, ಇಳಿಸು ಎಂದು ಹೇಳುವ ಹಕ್ಕು ಒಬ್ಬನ ಕೈಗೆ ಮಾತ್ರ. ಮೇಲಕ್ಕನ ಪಾಲಿಗೆ ಆ ಕೈಗಳು ಕೆಳಗಣ್ಣನವು, ಅವಳು ಮೇಲೆ ಹತ್ತಿದ ಮೊದಲ ದಿನದಿಂದಲೂ.

ಆ ಮೊದಲ ದಿನದ ಕತೆ ಕೇಳಬೇಕು. ಅವಳು ಯಾರ್ಡಿಗೆ ಬಂದದ್ದು ಗಾಜು ಒರೆಸುವ ಕೆಲಸಕ್ಕೆ. ಆಗಿನ ಡ್ರೈವರ್ ಮಹಾ ಸೋಮಾರಿ. ತಾನು ಬೀಡಿ ಸೇದುವಾಗ ಇವಳನ್ನು ಕುರ್ಚಿಯಲ್ಲಿ ಕೂರಿಸಿ, "ಹಿಡಿ ಮುಟ್ಟಬೇಡ" ಎನ್ನುತ್ತಿದ್ದವನು ಕ್ರಮೇಣ "ಸ್ವಲ್ಪ ಮುಟ್ಟು" ಎಂದ, ಆಮೇಲೆ "ಒಂದು ಪೆಟ್ಟಿಗೆ ಇಳಿಸು ನೋಡೋಣ" ಎಂದ. ಹೀಗೆ ಸೋಮಾರಿಯ ಕೃಪೆಯಿಂದ ಕಲಿತ ವಿದ್ಯೆ. ಪರೀಕ್ಷೆ ಕಟ್ಟಿದಳು, ಪಾಸಾದಳು. ಅವಳು ಡ್ರೈವರಾಗಿ ಹತ್ತಿದ ದಿನ ಒಬ್ಬ ಲಾರಿಯವನು, "ಹೆಂಗಸು ಎತ್ತಿದ ಪೆಟ್ಟಿಗೆ ಕೆಳಗೆ ನಾನು ಗಾಡಿ ನಿಲ್ಲಿಸಲ್ಲ" ಎಂದು ರಂಪ ಮಾಡಿದ. ಕೆಳಗಣ್ಣ ವಾದಕ್ಕಿಳಿಯಲಿಲ್ಲ. ಮುಂದಿನ ಲಾರಿಯನ್ನು ಕರೆದು ನಿಲ್ಲಿಸಿ, ತಲೆಯೆತ್ತಿ ಮೇಲೆ ನೋಡಿ, ಇಳಿಸು ಎಂದು ಕೈ ಮಾಡಿದ. ಪೆಟ್ಟಿಗೆ ಕೂತಿತು. ರಂಪದವನು ಸಂಜೆಯವರೆಗೂ ಸರದಿಯ ಕೊನೆಯಲ್ಲಿ ಒಣಗಿದ. ಆ ದಿನದ ಋಣ ಮೇಲಕ್ಕ ಮರೆತಿರಲಿಲ್ಲ. ಹಾಗಂತ ಬಾಯಿಬಿಟ್ಟು ಹೇಳಿಯೂ ಇರಲಿಲ್ಲ. ಅವರಿಬ್ಬರ ಮಾತುಕತೆಯೆಲ್ಲ ಕೈಯಲ್ಲೇ. ಊಟದ ಹೊತ್ತಿನಲ್ಲಿ ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂತರೂ "ಬುತ್ತಿ ತಂದ್ಯಾ ತಂಗಿ?", "ತಂದೆ ಅಣ್ಣ" ಎನ್ನುವುದರ ಆಚೆಗೆ ಮಾತು ಬೆಳೆಯುತ್ತಿರಲಿಲ್ಲ.

ವರ್ಷಗಳು ಉರುಳಿದವು. ತಲೆ ಬಗ್ಗಿಸಿ ಮಾಡುವ ಕೆಲಸಕ್ಕೆ ತಲೆಯನ್ನು ಹೊತ್ತ ಕತ್ತು ಒಂದು ದಿನ ಲೆಕ್ಕ ಕೇಳಿಯೇ ಕೇಳುತ್ತದೆ. ಮೇಲಕ್ಕನಿಗೆ ಅದು ಎಡಗಿವಿಯ ಹಿಂದಿನಿಂದ ಶುರುವಾಯಿತು. ಅಲ್ಲಿಂದ ಭುಜದವರೆಗೆ ಯಾರೋ ಹಗ್ಗ ಬಿಗಿದು ಕಟ್ಟಿದ ಹಾಗೆ. ಸಂಜೆ ಹೊತ್ತಿಗೆ ಆ ನೋವು ತಲೆಗೆ ಹತ್ತಿ ಕಣ್ಣಿನ ಹಿಂದೆ ಬಂದು ಕೂರುತ್ತಿತ್ತು. ಬಸ್ಸಿನಲ್ಲಿ ಪಕ್ಕದವರು ಮಾತಾಡಿಸಿದರೆ ತಿರುಗಲಾಗದೆ ಮುಂದಿನ ಸೀಟಿಗೆ ಉತ್ತರ ಹೇಳುತ್ತಿದ್ದಳು. ದಿಂಬು ಬದಲಾಯಿಸಿದಳು, ದಿಂಬೇ ಬಿಟ್ಟಳು, ಮುಲಾಮು ತಿಕ್ಕಿದಳು. ಗಂಡ, "ನಿನ್ನ ಪಕ್ಕ ಮಲಗಿದ್ರೆ ಔಷಧಿ ಅಂಗಡೀಲಿ ಮಲಗಿದ ಹಾಗಿರುತ್ತೆ" ಎಂದು ರೇಗಿಸಿದರೂ ದಿನಾ ಮುಲಾಮು ತಿಕ್ಕುತ್ತಿದ್ದವನು ಅವನೇ. ಯಾರ್ಡಿನಲ್ಲಿ ಯಾರಾದರೂ ಕೇಳಿದರೆ, "ಫ್ಯಾನಿನ ಗಾಳಿಗೆ ಸ್ವಲ್ಪ ಹಿಡ್ಕೊಂಡಿದೆ" ಎಂದು ಹಾರಿಸಿಬಿಡುತ್ತಿದ್ದಳು.

ಯಾಕೆ ಈ ಮುಚ್ಚುಮರೆ? ಮಂಡಿಯಣ್ಣನ ಕಾರಣಕ್ಕೆ. ಪಕ್ಕದ ಕ್ರೇನಿನ ಡ್ರೈವರ್ ಆಗಿದ್ದವನು. ಮಂಡಿನೋವೆಂದು ಒಂದು ವಾರದ ಮಟ್ಟಿಗೆ ಕೆಳಗಿಳಿದ. ಆ ವಾರ ಮುಗಿಯುವಷ್ಟರಲ್ಲಿ ಕುರ್ಚಿಯಲ್ಲಿ ಬೇರೊಬ್ಬ ಕೂತಾಗಿತ್ತು. ಮಂಡಿ ವಾಸಿಯಾಯಿತು, ಕುರ್ಚಿ ಮಾತ್ರ ಸಿಗಲಿಲ್ಲ. ಈಗ ಗೇಟಿನಲ್ಲಿ ಲಾರಿಗಳಿಗೆ ಟೋಕನ್ ಕೊಡುತ್ತಾನೆ. ಅವನ ಮುಂದೆ ಹಾದುಹೋಗುವಾಗೆಲ್ಲ ಮೇಲಕ್ಕ ಅವನ ಮುಖ ನೋಡದೆ ಬೇಗ ಬೇಗ ಹೆಜ್ಜೆ ಹಾಕುತ್ತಿದ್ದಳು. ಆ ಕುರ್ಚಿ ಅವಳಿಗೆ ಬರೀ ಸಂಬಳವಲ್ಲ. ಮನೆಯಲ್ಲಿ, ಬೀದಿಯಲ್ಲಿ, ನೆಂಟರ ನಡುವೆ ಎಲ್ಲ ಕಡೆ ಅವಳು ಬದಿಗೆ ಸರಿದು ದಾರಿ ಬಿಟ್ಟವಳೇ. ಅಲ್ಲಿ ಮೇಲೆ ಮಾತ್ರ, ಅವಳ ಎರಡು ಕೈ ಅಲುಗಿದರೆ ಇಡೀ ಯಾರ್ಡು ಅಲುಗುತ್ತಿತ್ತು. ಅದನ್ನು ಬಿಟ್ಟು ಬದುಕುವುದನ್ನು ನೆನೆಯಲೂ ಅವಳಿಗೆ ಮನಸ್ಸಿರಲಿಲ್ಲ. ಹಲ್ಲು ಕಚ್ಚಿಕೊಂಡು ದಿನ ತಳ್ಳಿದಳು.

ಕೊನೆಗೆ ಗಂಡನೇ ಹಟ ಹಿಡಿದು ಒಂದು ರಜಾದಿನ ಅವಳನ್ನು ಫಿಜಿಯೋಥೆರಪಿಯವರ ಬಳಿ ಕಳಿಸಿದ. ಕನ್ನಡಕದ ಅಂಗಡಿಯ ಮೇಲಿನ ಮಹಡಿ. ಒಂದು ಉದ್ದನೆಯ ಕೋಣೆ, ಗೋಡೆಗೆ ನೇತುಹಾಕಿದ ಬಣ್ಣಬಣ್ಣದ ರಬ್ಬರ್ ಪಟ್ಟಿಗಳು, ಮೂಲೆಯಲ್ಲಿ ದವಡೆ ಕಳೆದುಕೊಂಡ ಪ್ಲಾಸ್ಟಿಕ್ ಅಸ್ಥಿಪಂಜರ, ಬೋರಲಾಗಿ ಮಲಗಿದಾಗ ಮುಖ ಇಡಲು ತೂತಿರುವ ಮಂಚ. ಅಲ್ಲಿದ್ದ ಹೆಂಗಸಿಗೆ ನಡುವಯಸ್ಸು, ಅವಸರವಿಲ್ಲದ ಮಾತು, ಇಕ್ಕಳದಂಥ ಬೆರಳು. ಮೊದಲು ಕತ್ತನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದಳು. ಆಮೇಲೆ ಸ್ಟೂಲಿನ ಮೇಲೆ ಕೂರಿಸಿ, "ಕೆಲಸದಲ್ಲಿ ಹೇಗೆ ಕೂರ್ತೀರೋ ಹಾಗೇ ಕೂತು ತೋರಿಸಿ" ಎಂದಳು. ಮೇಲಕ್ಕ ಕಾಲಗಲಿಸಿ, ಗದ್ದವನ್ನು ಎದೆಗೆ ಒತ್ತಿ, ಎಡಗಾಲ ಹಿಮ್ಮಡಿಯ ಕಡೆ ಬಗ್ಗಿ ನೋಡಿ ತೋರಿಸಿದಳು. "ಇಲ್ಲಿ ಸನ್ನೆ ಮಾಡೋ ಅಣ್ಣ ನಿಂತಿರ್ತಾರೆ."

"ದಿನವೆಲ್ಲ ಹೀಗೇನಾ?"

"ಮತ್ತೆ? ಪೆಟ್ಟಿಗೆ ಏನು ಮೇಲೆ ಹಾರ್ತಾ ಬರುತ್ತಾ ಮೇಡಂ?"

ಆ ಹೆಂಗಸು ನಕ್ಕಳು, ಆದರೆ ಬೆರಳು ಸುಮ್ಮನಿರಲಿಲ್ಲ. ಭುಜದ ಮೇಲಿನ ಮಾಂಸವನ್ನು ಹಿಡಿದು ಒಂದು ಕಡೆ ಒತ್ತಿದಾಗ ಮೇಲಕ್ಕ "ಅಯ್ಯಪ್ಪಾ" ಎಂದು ಅರ್ಧ ಎದ್ದಳು. ಒತ್ತಿದ್ದು ಭುಜ, ನೋವು ಚುಚ್ಚಿದ್ದು ಕಣ್ಣಿನ ಹಿಂದೆ.

"ಇಲ್ಲೇ ಇದೆ ಗಂಟು. ಸ್ನಾಯು ಬಿಗಿದ್ಕೊಂಡು ಬಿಡೋದನ್ನೇ ಮರೆತಿದೆ. ಸಣ್ಣ ಸೂಜಿ ಹಾಕಿ ಅದನ್ನ ಸಡಿಲ ಮಾಡೋಕೆ ನೋಡ್ತೀನಿ. ಸೂಜೀಲಿ ಔಷಧಿ ಏನೂ ಇರಲ್ಲ. ಎಲ್ಲರಿಗೂ ಒಂದೇ ಥರ ಗುಣ ಸಿಗುತ್ತೆ ಅಂತ ಹೇಳಲ್ಲ. ನಿಮಗೆ ಒಪ್ಪಿಗೆ ಇದ್ರೆ ಮಾತ್ರ."

ಒಪ್ಪಿಗೆ ಕೊಟ್ಟಳು. ಕೂದಲೆಳೆಯಂಥ ಸೂಜಿ, ಒಳಗೆ ಹೋದದ್ದೇ ಗೊತ್ತಾಗಲಿಲ್ಲ. ಇಷ್ಟೇನಾ ಎಂದುಕೊಳ್ಳುವಷ್ಟರಲ್ಲಿ ಸೂಜಿ ಗಂಟಿಗೆ ತಾಗಿತು. ಗಾಳಕ್ಕೆ ಸಿಕ್ಕ ಮೀನಿನ ಹಾಗೆ ಭುಜದ ಮಾಂಸ ತನ್ನಷ್ಟಕ್ಕೆ ತಾನೇ ಪಟಕ್ಕನೆ ಹಾರಿತು. ಮೇಲಕ್ಕನಿಗೆ ದಿಗಿಲಾಯಿತು. ತನ್ನ ಮೈಯೇ ತನ್ನನ್ನು ಕೇಳದೆ ಕುಣಿದದ್ದು ಅವಳ ಜೀವನದಲ್ಲಿ ಅದೇ ಮೊದಲು. "ಹಾರಿದ್ದು ಒಳ್ಳೇದೇ" ಎಂದಳು ಸೂಜಿ ಮೇಡಂ. ಹೌದು, ಆ ಕ್ಷಣದಿಂದ ಮೇಲಕ್ಕನ ಪಾಲಿಗೆ ಅವಳ ಹೆಸರು ಸೂಜಿ ಮೇಡಂ.

ಆಮೇಲೆ ವ್ಯಾಯಾಮ ಹೇಳಿಕೊಟ್ಟಳು. ಕೆಟ್ಟ ವಾಸನೆ ಬಂದಾಗ ಮುಖ ಹಿಂದಕ್ಕೆ ಎಳೆದುಕೊಳ್ಳುತ್ತೇವಲ್ಲ, ಹಾಗೆ ಗದ್ದವನ್ನು ಹಿಂದಕ್ಕೆ ಎಳೆದು ಹಿಡಿಯಬೇಕು. ರಬ್ಬರ್ ಪಟ್ಟಿ ಎಳೆದು ಬೆನ್ನಿನ ರೆಕ್ಕೆಮೂಳೆಗಳನ್ನು ಹತ್ತಿರ ತರಬೇಕು. ಗಂಟೆಗೊಮ್ಮೆ ಕುರ್ಚಿ ಬಿಟ್ಟು ಏಳಬೇಕು. "ಸೂಜಿ ಅರ್ಧ ಕೆಲಸ ಅಮ್ಮಾ. ಇನ್ನರ್ಧ ನಿಮ್ಮದು. ಕತ್ತಿಗೆ ಬಲ ಬರ್ದೆ ಇದ್ರೆ ಗಂಟು ಮತ್ತೆ ಬಂದು ಕೂರುತ್ತೆ. ಇವತ್ತು, ನಾಳೆ ಚುಚ್ಚಿದ ಜಾಗ ನೋಯುತ್ತೆ, ಹೆದರಬೇಡಿ." ಮೇಲಕ್ಕ ಎಲ್ಲದಕ್ಕೂ ಹೂಂ ಎಂದಳು. ಗಂಟೆಗೊಮ್ಮೆ ಏಳುವುದಂತೆ! ಎದ್ದರೆ ಯಾಕೆಂದು ಕೇಳುತ್ತಾರೆ. ಯಾಕೆಂದು ಹೇಳಿದರೆ ಕುರ್ಚಿ ಹೋಗುತ್ತದೆ. ಆ ಮಾತನ್ನು ಅಲ್ಲೇ ಮೆಟ್ಟಿಲ ಮೇಲೆ ಬಿಟ್ಟು ಬಂದಳು.

ಗಂಡ ವಿಷಯ ಕೇಳಿ ಬಾಯಿ ತೆರೆದು ಕೂತ. "ಔಷಧಿ ಇಲ್ಲದ ಸೂಜಿನಾ? ನಮ್ಮನೇಲಿ ಗುಂಡಿ ಹಾಕೋಕೆ ಇಟ್ಟಿರೋ ಸೂಜೀಲೂ ಔಷಧಿ ಇಲ್ಲ ಕಣೇ. ನನ್ನ ಕೇಳಿದ್ರೆ ನಾನೇ ಚುಚ್ತಿದ್ದೆ."

"ನೀವು ದಿನಾ ಬಾಯಲ್ಲೇ ಚುಚ್ತೀರಲ್ಲ, ಸಾಕು."

ಮರುದಿನ ನೋವು ಹೇಳಿದಂತೆಯೇ ಬಂತು. ಭುಜಕ್ಕೆ ಯಾರೋ ಗುದ್ದಿದ ಹಾಗೆ. ಏಣಿ ಹತ್ತುವುದೇ ದೊಡ್ಡ ಸಾಹಸವಾಯಿತು, ಇನ್ನು ಬಗ್ಗುವ ಮಾತೆಲ್ಲಿ? ಆದರೂ ಹೇಗೋ ದಿನ ಕಳೆಯಿತು. ಅದರ ಮರುದಿನ ಅಷ್ಟು ನೋವಿಲ್ಲ. ವಾರ ಕಳೆಯುವಷ್ಟರಲ್ಲಿ ಮೇಲಕ್ಕನಿಗೆ ಸೋಜಿಗ. ಕೆಲಸ ಮುಗಿದು ಕೆಳಗಿಳಿದಾಗ ತಲೆನೋವಿಲ್ಲ, ಕಣ್ಣಿನ ಹಿಂದೆ ಏನೂ ಕೂತಿಲ್ಲ. ಎಲ್ಲ ಸೂಜಿಯ ಮಹಿಮೆ ಎಂದು ತೀರ್ಮಾನಿಸಿದಳು. ರಬ್ಬರ್ ಪಟ್ಟಿ ಬೀರುವಿನ ಹಿಡಿಗೆ ನೇತುಬಿದ್ದಿತ್ತು. ಮೊದಲೆರಡು ದಿನ ಎಳೆದವಳು ಆಮೇಲೆ ಅದರ ಮೇಲೆ ಒದ್ದೆ ಟವೆಲ್ ಒಣಹಾಕತೊಡಗಿದಳು. ಎರಡನೆಯ ಸಲ ಹೋಗಿ ಸೂಜಿ ಹಾಕಿಸಿಕೊಂಡು ಬಂದಳು. ಮೂರನೆಯ ಸಲ ಹೋಗುವಾಗ ಗೆದ್ದವಳ ಹಾಗೆ ಮೆಟ್ಟಿಲು ಹತ್ತಿದಳು.

ಸೂಜಿ ಮೇಡಂ ಕತ್ತನ್ನು ಹಿಡಿದು ತಿರುಗಿಸಿ, ಬಗ್ಗಿಸಿ, ಹುಬ್ಬು ಗಂಟಿಕ್ಕಿದಳು. "ಗಂಟು ಸಡಿಲ ಆಗಿದೆ, ನಿಜ. ಆದ್ರೆ ಬಲ ಇದ್ದಷ್ಟೇ ಇದೆ. ವ್ಯಾಯಾಮ ಮಾಡ್ತಿಲ್ಲ ನೀವು."

ಮೇಲಕ್ಕ ನಾಲಿಗೆ ಕಚ್ಚಿಕೊಂಡಳು. "ಅದಿಲ್ಲದೇನೇ ಗುಣವಾಗಿದೆಯಲ್ಲ ಮೇಡಂ. ಈಗ ಅಷ್ಟೊಂದು ಬಗ್ಗೋದೇ ಬೇಕಾಗಲ್ಲ ನನಗೆ."

"ಬಗ್ಗೋದು ಬೇಕಾಗಲ್ವಾ? ಕೆಲಸ ಬದಲಾಯ್ತಾ?"

"ಇಲ್ಲ, ಅದೇ ಕೆಲಸ."

"ಎಲ್ಲಿ, ಕೂತು ತೋರಿಸಿ."

ಮೇಲಕ್ಕ ಸ್ಟೂಲಿನ ಮೇಲೆ ಕೂತಳು. ಎರಡು ಕೈಯನ್ನು ಹಿಡಿಗಳ ಮೇಲಿಟ್ಟಂತೆ ಇಟ್ಟಳು. ಕಣ್ಣು ತಾನಾಗಿ ಎದುರಿಗೆ ಹೋಯಿತು, ಬಾಗಿಲಿನ ಹೊಸ್ತಿಲ ಕಡೆಗೆ. "ಅಣ್ಣ ಇಲ್ಲಿ ನಿಂತಿರ್ತಾರೆ, ಅವರ ಕೈ ನೋಡ್ಕೊಂಡು..."

"ಮೊದಲ ಸಲ ತೋರಿಸಿದಾಗ ಅವರು ನಿಮ್ಮ ಎಡಗಾಲಿನ ಕೆಳಗಿದ್ರು" ಎಂದಳು ಸೂಜಿ ಮೇಡಂ. ಅವಳು ಹೇಳಿದ್ದು ಕತ್ತಿನ ಬಗ್ಗೆ ಮಾತ್ರ, ಬೇರೇನೂ ಅಲ್ಲ.

ಮೇಲಕ್ಕ ಚಾಚಿದ ಕೈಗಳನ್ನು ಮಡಿಲಿಗೆ ಇಳಿಸಿದಳು. ಹೊಸ್ತಿಲನ್ನೇ ನೋಡುತ್ತಾ ಕೂತಳು. ಯಾರ್ಡಿನಲ್ಲಿ ಆ ಜಾಗ ಯಾವುದು? ಹಳದಿ ಚೌಕವಲ್ಲ. ಕಟಾಂಜನದ ಒಳಗೂ ಅಲ್ಲ. ಲಾರಿಗಳು ತಿರುಗುವ ದಾರಿ ಅದು. ಅಲ್ಲಿ ನಿಂತರೆ ಎದುರಿನ ಗಾಜಿನಿಂದಲೇ ಕಾಣುತ್ತದೆ, ಬಗ್ಗಬೇಕಿಲ್ಲ. ಅಲ್ಲಿ ಯಾರೂ ನಿಲ್ಲುವಂತಿಲ್ಲ. ತಾನು ನೋಡುತ್ತಿದ್ದದ್ದು ಕೈಗಳನ್ನು ಮಾತ್ರ. ಆ ಕೈಗಳು ಹೆಜ್ಜೆ ಹೆಜ್ಜೆಯಾಗಿ ಎಲ್ಲಿಗೆ ಬಂದು ನಿಂತಿವೆ ಎಂದು ಒಮ್ಮೆಯೂ ನೋಡಿರಲಿಲ್ಲ.

"ಏನಾಯ್ತಮ್ಮ?" ಎಂದಳು ಸೂಜಿ ಮೇಡಂ.

"ಸೂಜಿ ಅಲ್ಲ ಮೇಡಂ" ಎಂದಳು ಮೇಲಕ್ಕ. "ನನ್ನ ಕತ್ತು ಬೇರೆಯವರು ಹೊತ್ಕೊಂಡಿದ್ದಾರೆ."

ಮರುದಿನ ಬೆಳಿಗ್ಗೆ ಕುರ್ಚಿಯಲ್ಲಿ ಕೂತು ಮೊದಲ ಪೆಟ್ಟಿಗೆ ಎತ್ತಿದೊಡನೆ ಅವಳು ಮಾಡಿದ್ದು ನೋವನ್ನು ಲೆಕ್ಕಿಸದೆ ಪೂರ್ತಿ ಬಗ್ಗಿ ಎಡಗಾಲ ಕೆಳಗೆ ನೋಡಿದ್ದು. ಹಳದಿ ಚೌಕ ಖಾಲಿ. ಕಟಾಂಜನದ ಮೇಲೆ ಅವನ ನೀರಿನ ಬಾಟಲಿ ಮಾತ್ರ ಇತ್ತು. ಕೆಳಗಣ್ಣ ಹೊರಗೆ ದಾರಿಯ ನಡುವೆ ನಿಂತಿದ್ದ, ಎರಡು ಕೈ ಎತ್ತಿ, ಕಣ್ಣು ಮೇಲಿಟ್ಟು. ಅವನ ಬೆನ್ನ ಹಿಂದೆ ಖಾಲಿ ಲಾರಿಯೊಂದು ರಿವರ್ಸ್ ಬರುತ್ತಿತ್ತು. ಅವನು ತಿರುಗಲಿಲ್ಲ. ಅವಳ ಪೆಟ್ಟಿಗೆ ಇನ್ನೂ ಗಾಳಿಯಲ್ಲಿತ್ತಲ್ಲ, ತಿರುಗುವುದು ಹೇಗೆ? ಲಾರಿಯ ಹಿಂಬದಿ ಅವನ ತೋಳಿನ ಪಕ್ಕದಲ್ಲೇ ಹಾದುಹೋಯಿತು, ಅಂಗಿ ಹಾರುವಷ್ಟು ಹತ್ತಿರ. ಅವನ ಕೈ ಮಾತ್ರ ಸನ್ನೆ ತಪ್ಪಲಿಲ್ಲ. ನಿಧಾನ, ನಿಧಾನ, ಇಳಿಸು.

ಅವಳು ಇಳಿಸಿದಳು. ಪೆಟ್ಟಿಗೆಯಿಂದ ಚೌಕಟ್ಟು ಬಿಡಿಸಿದಳು. ಕೀಲಿ ತಿರುಗಿಸಿ ಕ್ರೇನನ್ನೇ ಆರಿಸಿದಳು. ಸರದಿಯಲ್ಲಿದ್ದ ಲಾರಿಗಳು ಹಾರ್ನ್ ಹೊಡೆಯತೊಡಗಿದವು. ಹಾಡುಹಗಲು ಕೆಲಸದ ನಡುವೆ ಮೇಲಕ್ಕ ಏಣಿ ಇಳಿಯುವುದನ್ನು ಯಾರ್ಡು ಅದುವರೆಗೆ ಕಂಡಿರಲಿಲ್ಲ.

"ಅಣ್ಣ, ನೀವು ಯಾಕೆ ಇಲ್ಲಿ ನಿಂತಿದ್ದೀರಿ?"

"ಕೆಲಸ ಮಾಡೋಕೆ. ನೀನ್ಯಾಕೆ ಇಳಿದೆ?"

"ನಿಮ್ಮ ಜಾಗ ಅದು. ಚೌಕ."

ಕೆಳಗಣ್ಣ ಹಾರ್ನುಗಳ ಕಡೆ ಕೈ ಬೀಸಿ ಸುಮ್ಮನಿರಿ ಎಂದ. ಆಮೇಲೆ, ಅಷ್ಟು ವರ್ಷದಲ್ಲಿ ಆಡದಷ್ಟು ಮಾತು ಒಂದೇ ಉಸಿರಿಗೆ ಆಡಿದ. "ಅವತ್ತು ಏಣಿ ಹತ್ತೋವಾಗ ನಿನ್ನ ಭುಜ ನೋಡ್ದೆ. ಬಗ್ಗೋಕಾಗ್ತಿರ್ಲಿಲ್ಲ ನಿನಗೆ. ಪೆಟ್ಟಿಗೆ ಕೊನೇಲಿ ತಡವರಿಸ್ತಿತ್ತು. ಮೊದ್ಲೆಲ್ಲ ಬೆಣ್ಣೆ ಮೇಲೆ ಇಟ್ಟ ಹಾಗೆ ಇಡ್ತಿದ್ದೋಳು ನೀನು. ಕೇಳಿದ್ರೆ ಫ್ಯಾನಿನ ಗಾಳಿ ಅಂತೀಯ. ಅದಕ್ಕೆ ನಾನೇ ಸ್ವಲ್ಪ ಮುಂದೆ ಬಂದೆ. ನಿನಗೆ ಕಾಣ್ಲಿ ಅಂತ. ಅಷ್ಟೇ."

"ಲಾರಿ ತಾಗಿದ್ರೆ?"

"ತಾಗಿಲ್ವಲ್ಲ."

ಮೇಲಕ್ಕನಿಗೆ ಸಿಟ್ಟು ಬಂತು. ಅಳುವೂ ಬಂತು. ಯಾವುದು ಮೊದಲು ಬಂತೆಂದು ಹೇಳುವುದು ಕಷ್ಟ. ಅವನ ಮೇಲೆ ರೇಗಬೇಕೆಂದಿದ್ದವಳು ಕೆನ್ನೆ ಒರೆಸಿಕೊಂಡು ನೆಟ್ಟಗೆ ಸೂಪರ್‌ವೈಸರ್ ಕೋಣೆಗೆ ನಡೆದಳು. ಕತ್ತುನೋವಿನ ಸಂಗತಿಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿಬಿಟ್ಟಳು. ಕೆಳಗಣ್ಣ ದಾರಿಯಲ್ಲಿ ನಿಂತದ್ದು ತನ್ನಿಂದಾಗಿ ಎಂದೂ ಹೇಳಿದಳು.

ಸೂಪರ್‌ವೈಸರ್ ಕೆಟ್ಟವನೇನಲ್ಲ, ಆದರೆ ಅವನ ಮುಖದಲ್ಲಿ ಒಳ್ಳೆಯತನ ಹುಡುಕಲು ಹೊತ್ತು ಬೇಕು. "ಇಷ್ಟು ದಿನ ಮುಚ್ಚಿಟ್ಟಿದ್ದೀಯಲ್ಲಮ್ಮ, ಒಬ್ಬನ ಜೀವ ಹೋಗಿದ್ರೆ ನಿನ್ನ ಕತ್ತು ತಗೊಂಡು ನಾನೇನು ಮಾಡ್ಲಿ?" ಎಂದ. ಅವನು ಹೇಳಿದ್ದು ಸರಿಯೇ. ಚಿಕಿತ್ಸೆ ಮುಗಿಯುವವರೆಗೆ ನೆಲದ ಕೆಲಸ, ಕೆಳಗಣ್ಣನ ಜೊತೆ ಸರದಿಯ ಮೇಲೆ ಸನ್ನೆ ಮಾಡುವುದು. ಕುರ್ಚಿಗೆ ಹೊಸ ಡ್ರೈವರ್. "ವಾಪಸ್ ಸಿಗುತ್ತಾ ಸಾರ್?" ಎಂದು ಕೇಳಿದ್ದಕ್ಕೆ, "ಮೊದ್ಲು ಕತ್ತು ವಾಪಸ್ ತಗೊಂಡು ಬಾ" ಎಂದಷ್ಟೇ ಹೇಳಿದ.

ಈಗ ವ್ಯಾಯಾಮ ತಪ್ಪಿಸಲು ನೆಪವೇ ಉಳಿಯಲಿಲ್ಲ. ಬೆಳಿಗ್ಗೆ ಎದ್ದು ಗದ್ದ ಹಿಂದಕ್ಕೆಳೆದು ನಿಲ್ಲುವಳು. "ನನ್ನ ನೋಡಿದ್ರೆ ಅಷ್ಟು ವಾಸನೆ ಬರುತ್ತಾ?" ಎಂದು ಗಂಡ ಗೊಣಗುವನು. ರಬ್ಬರ್ ಪಟ್ಟಿಯ ಮೇಲೆ ಟವೆಲ್ ಒಣಗುವುದು ನಿಂತಿತು. ವಾರಕ್ಕೊಮ್ಮೆ ಸೂಜಿ. ಈ ಸಲ ಗುಣ ನಿಧಾನವಾಗಿ ಬಂತು, ಒಂದು ದಿನ ಮುಂದೆ, ಒಂದು ದಿನ ಹಿಂದೆ. ಬಸ್ಸಿನಲ್ಲಿ ಪಕ್ಕದವರ ಮುಖ ನೋಡಿ ಮಾತಾಡುವಷ್ಟು ಬಂದಾಗ ಅವಳು ಅಪರಿಚಿತೆಯೊಬ್ಬಳ ಜೊತೆ ಸುಮ್ಮನೆ ಖುಷಿಗೆ ಎರಡು ನಿಲ್ದಾಣ ಹೆಚ್ಚು ಹರಟಿದಳು.

ನೆಲದ ಕೆಲಸವೇ ಅವಳಿಗೆ ಹೊಸ ಪಾಠ ಕಲಿಸಿದ್ದು. ಮೇಲಿನಿಂದ ನೋಡಿದಾಗ ಕೆಳಗಿನವನ ಕೆಲಸ ಕೈ ಆಡಿಸುವುದು ಎಂದೇ ಅವಳು ತಿಳಿದಿದ್ದಳು. ಚೌಕದಲ್ಲಿ ನಿಂತ ಮೊದಲ ಮಧ್ಯಾಹ್ನವೇ ಗೊತ್ತಾಯಿತು, ಕೆಲಸವೆಲ್ಲ ಕತ್ತಿನದು. ಪೆಟ್ಟಿಗೆ ಎದ್ದಾಗಿನಿಂದ ಕೂರುವವರೆಗೆ ತಲೆ ಹಿಂದಕ್ಕೆ ಚೆಲ್ಲಿ ಮೇಲೆ ನೋಡುತ್ತಲೇ ಇರಬೇಕು. ತಲೆಬುರುಡೆಯ ಬುಡದಲ್ಲಿ ಕೆಂಡ ಇಟ್ಟಂತಾಯಿತು. ಸೂಜಿ ಮೇಡಂ ಹೇಳಿದಂತೆ ಗಂಟೆಗೊಮ್ಮೆ ಕೆಳಗಣ್ಣನಿಗೆ ಚೌಕ ಬಿಟ್ಟುಕೊಟ್ಟು ಕೂರುತ್ತಿದ್ದಳು. ಹಾಗೆ ಕೂತಾಗ ಮೊದಲ ಬಾರಿಗೆ ಅವನ ಕೈಗಳನ್ನು ಬಿಟ್ಟು ಅವನನ್ನು ನೋಡಿದಳು. ಯಾರಾದರೂ ಕರೆದರೆ ಅವನು ಕತ್ತು ತಿರುಗಿಸುತ್ತಿರಲಿಲ್ಲ, ಮೈಗೆ ಮೈಯೇ ತಿರುಗುತ್ತಿದ್ದ. ನೀರು ಕುಡಿಯುವಾಗ ತಲೆ ಎತ್ತದೆ ಸೊಂಟ ಹಿಂದಕ್ಕೆ ಬಾಗಿಸುತ್ತಿದ್ದ. ಯಾರೂ ನೋಡದಾಗ ಬಲಗೈ ಬೆರಳುಗಳನ್ನು ಒಂದೊಂದಾಗಿ ತಿಕ್ಕಿಕೊಳ್ಳುತ್ತಿದ್ದ, ಜೋಮು ಹಿಡಿದವರ ಹಾಗೆ.

"ಅಣ್ಣ, ನಿಮಗೂ ಕತ್ತು ನೋಯುತ್ತಾ?"

"ವಯಸ್ಸು ಕಣಮ್ಮ."

ಅದನ್ನು ಅವಳು ನಂಬಲಿಲ್ಲ. ಫ್ಯಾನಿನ ಗಾಳಿ ಎನ್ನುತ್ತಿದ್ದವಳಿಗೆ ಇಂಥ ಸುಳ್ಳು ಗುರುತಿಸುವುದು ಕಷ್ಟವೇ?

ಇಷ್ಟರಲ್ಲಿ ಸೂಪರ್‌ವೈಸರ್ ಅವಳನ್ನು ಕರೆಸಿದ. ಹೊಸ ಡ್ರೈವರನ ಕೈ ಇನ್ನೂ ಕುದುರಿರಲಿಲ್ಲ, ಸರದಿ ಗೇಟಿನಾಚೆಗೆ ಬೆಳೆಯುತ್ತಿತ್ತು. ಸೂಜಿ ಮೇಡಂ ಬರೆದುಕೊಟ್ಟದ್ದನ್ನು ಓದಿ, "ಸೋಮವಾರದಿಂದ ಹತ್ತಮ್ಮ. ಗಂಟೆಗೊಮ್ಮೆ ಇಳೀಬೇಕಂತೆ, ಇಳಿ. ಯಾಕೆ ಅಂತ ನಾನು ಕೇಳಲ್ಲ" ಎಂದ. ಮೇಲಕ್ಕ ಹೊರಗೆ ಬಂದು ಕ್ರೇನಿನ ಕಾಲನ್ನು ಅಂಗೈಯಿಂದ ತಟ್ಟಿದಳು, ಹಸುವಿನ ಬೆನ್ನು ತಟ್ಟಿದ ಹಾಗೆ. ಅಂದು ಗಂಡ ಬೇಕರಿಯಿಂದ ಬರುವವರೆಗೆ ಕಾಯಲಾಗದೆ ಅಲ್ಲಿಗೇ ಹೋಗಿ ಹೇಳಿಬಂದಳು.

ಆ ಖುಷಿಯಲ್ಲೇ, ಭಾನುವಾರ, ಕೆಳಗಣ್ಣನನ್ನು ಹೆಚ್ಚುಕಡಿಮೆ ಎಳೆದುಕೊಂಡು ಸೂಜಿ ಮೇಡಂ ಬಳಿ ಹೋದಳು. ಅವನು ಬರಲೊಲ್ಲೆ ಎಂದ, ಇವಳು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ಮೇಡಂ ಅವನ ಕತ್ತು ನೋಡಿದಳು, ಬೆರಳು ಹಿಡಿಸಿ ಕೈಯ ಬಲ ನೋಡಿದಳು.

"ಯಾವಾಗಿಂದ ಇದೆ ಅಣ್ಣ ಈ ನೋವು?"

ಕೆಳಗಣ್ಣ ಯೋಚಿಸಿದ. ಮೈಯೆಲ್ಲ ತಿರುಗಿಸಿ ಮೇಲಕ್ಕನನ್ನು ನೋಡಿದ. "ಇವಳು ಮೇಲೆ ಹತ್ತಿದ ವರ್ಷದಿಂದ ಅಂತ ಕಾಣುತ್ತೆ" ಎಂದ. ಅದರಲ್ಲಿ ದೂರಿರಲಿಲ್ಲ. ಕೇಳಿದ್ದಕ್ಕೆ ಹೇಳಿದ, ಅಷ್ಟೇ. "ಮೊದಲಿದ್ದೋನು ನನ್ನ ಕೈ ನೋಡ್ತಾನೇ ಇರ್ಲಿಲ್ಲ, ಅವನ ಪಾಡಿಗೆ ಇಳಿಸ್ತಿದ್ದ. ನಾನೂ ಅಷ್ಟೊಂದು ಮೇಲೆ ನೋಡ್ತಿರ್ಲಿಲ್ಲ. ಇವಳು ಪ್ರತಿಯೊಂದಕ್ಕೂ ಕೈ ನೋಡೋಳು. ಹೊಸಬಳು, ಎಲ್ಲರೂ ತಪ್ಪು ಹುಡುಕ್ತಾ ನಿಂತಿದ್ರು. ಅದಕ್ಕೆ ಅವಳ ಮೇಲಿಂದ ಕಣ್ಣು ತೆಗೀಲಿಲ್ಲ. ಆಮೇಲೆ ಅದೇ ಅಭ್ಯಾಸ ಆಗೋಯ್ತು."

ಮೇಲಕ್ಕ ಗೋಡೆಯ ರಬ್ಬರ್ ಪಟ್ಟಿಗಳ ಕಡೆ ಮುಖ ತಿರುಗಿಸಿಕೊಂಡಳು. ಈಗ ಕತ್ತು ತಿರುಗುತ್ತಿತ್ತು.

ಸೂಜಿ ಮೇಡಂ ಮುಚ್ಚುಮರೆಯಿಲ್ಲದೆ ಹೇಳಿದಳು. ಜೋಮು ಬೆರಳಿಗಿಳಿದಿದೆ, ಹಾಗಾಗಿ ಇದು ಬರೀ ಗಂಟಿನ ಮಾತಲ್ಲ. ಮೊದಲು ಡಾಕ್ಟರ ಹತ್ತಿರ ಕತ್ತಿನ ಚಿತ್ರ ತೆಗೆಸಬೇಕು. ಆಮೇಲೆ ಸೂಜಿ ಬೇಕೇ ಬೇಡವೇ ನೋಡೋಣ, ವ್ಯಾಯಾಮವಂತೂ ಬೇಕು. ಎಲ್ಲಕ್ಕಿಂತ ಮೊದಲು ಎರಡು ತಿಂಗಳಾದರೂ ತಲೆ ಎತ್ತಿ ಮೇಲೆ ನೋಡುವ ಕೆಲಸ ಕೂಡದು.

ಕೆಳಗಣ್ಣ ಮಂಚದಿಂದ ಕಾಲು ಇಳಿಬಿಟ್ಟು ಅಂಗಿಗೆ ಕೈಹಾಕಿದ. "ಆಗಲ್ಲಮ್ಮ. ಇವಳು ನಾಳೆ ಮೇಲೆ ಹತ್ತಾಳೆ. ನಾನು ರಜೆ ಹಾಕಿದ್ರೆ ಚೌಕಕ್ಕೆ ಬೇರೆಯವನು ಬರ್ತಾನೆ. ಬಂದೋನು ಹೋಗಲ್ಲ. ಮಂಡಿಯಣ್ಣನ ಪಕ್ಕ ಇನ್ನೊಂದು ಸ್ಟೂಲ್ ಹಾಕ್ತಾರೆ ನನಗೆ."

ಅದು ಸುಳ್ಳಲ್ಲ ಎಂದು ಮೇಲಕ್ಕನಿಗೆ ಗೊತ್ತಿತ್ತು. ಕುರ್ಚಿ ನೆನಪಾಯಿತು. ಎರಡು ಹಿಡಿ, ಅಂಗೈಗೆ ಸವೆದು ನುಣುಪಾದದ್ದು. ಬಿಟ್ಟುಕೊಡಲು ಮನಸ್ಸಾಗಲಿಲ್ಲ, ಒಂದು ಚೂರೂ ಆಗಲಿಲ್ಲ. ಆದರೂ ಬಾಯಿಂದ ಬಂದದ್ದು ಬೇರೆ ಮಾತು.

"ಮೇಡಂ, ನಾನು ಇನ್ನೂ ಎರಡು ತಿಂಗಳು ಕೆಳಗೇ ನಿಂತ್ರೆ ನನ್ನ ಕತ್ತಿಗೆ ತೊಂದರೆ ಇದೆಯಾ?"

"ಮಧ್ಯೆ ಮಧ್ಯೆ ಕೂತ್ಕೊಂಡ್ರೆ ಇಲ್ಲ. ಯಾಕೆ?"

"ನೀವು ರಜೆ ಹಾಕಿ ಅಣ್ಣ. ಚೌಕದಲ್ಲಿ ನಾನಿರ್ತೀನಿ. ನಾನು ನಿಂತಿರೋ ಜಾಗಕ್ಕೆ ಬೇರೆಯವನನ್ನ ಹೇಗೆ ತರ್ತಾರೆ?"

"ಹುಚ್ಚು ಹಿಡಿದಿದೆಯಾ ನಿನಗೆ?" ಕೆಳಗಣ್ಣನ ದನಿ ಆ ಕೋಣೆಗೆ ದೊಡ್ಡದಾಯಿತು. "ಕರೆದು ಕೊಡ್ತಿದ್ದಾರೆ. ನಾಳೆ ಹತ್ತದಿದ್ರೆ ಆ ಕುರ್ಚಿ ಮತ್ತೆ ಸಿಗುತ್ತೆ ಅಂದ್ಕೊಂಡಿದ್ದೀಯಾ?"

"ಸಿಗದೇನೂ ಹೋಗಬಹುದು" ಎಂದಳು ಮೇಲಕ್ಕ. "ನೀವು ಅಂಗಿ ಕೆಳಗಿಡಿ. ಮೇಡಂಗೆ ಇನ್ನೂ ನೋಡೋದಿದೆ."

ಅವನು ಅಂಗಿ ಮಡಚಿ ಪಕ್ಕಕ್ಕಿಟ್ಟು, ಬೋರಲಾಗಿ ಮಲಗಿ, ಮಂಚದ ತೂತಿನಲ್ಲಿ ಮುಖ ಹುದುಗಿಸಿದ. ಅವನ ಬೆನ್ನು ಅಲುಗುತ್ತಿತ್ತು. ಸೂಜಿ ಮೇಡಂ ಕೈ ತೊಳೆಯುವ ನೆಪದಲ್ಲಿ ನಲ್ಲಿಯನ್ನು ಹಾಗೇ ಬಿಟ್ಟು ನಿಂತಳು.

ಸೋಮವಾರ ಬೆಳಿಗ್ಗೆ ಮೇಲಕ್ಕ ಸೂಪರ್‌ವೈಸರಿಗೆ ಹೇಳಿಬಂದು ಹಳದಿ ಚೌಕದಲ್ಲಿ ನಿಂತಿದ್ದಳು. ಕುರ್ಚಿಯಲ್ಲಿ ಹೊಸಬ ಕೂತಿದ್ದ, ಕೈ ಇನ್ನೂ ತಡವರಿಸುತ್ತಿತ್ತು. ಅವಳು ತಲೆಯೆತ್ತಿ ಅವನನ್ನು ನೋಡಿ, ಇಳಿಸು ಎಂದು ಕೈ ಮಾಡಿದಳು.